ಉಗುರಿನಷ್ಟು ಅಡಾಪ್ಟರು, ಗಲ್ಲಿಯಷ್ಟು ವ್ರತ

ನಮ್ಮ ಮನೆಯಲ್ಲಿ ಒಂದು ವಸ್ತುವನ್ನು ಹುಡುಕಲು ಹೊರಟರೆ ಬೇರೆ ಹತ್ತು ವಸ್ತುಗಳು ಸಿಗುತ್ತವೆ, ಬೇಕಾದದ್ದೊಂದು ಸಿಗುವುದಿಲ್ಲ. ಹೋದ ಭಾದ್ರಪದದಲ್ಲಿ ಹೀಗೇ ಆಯಿತು. ನಾನು ಹುಡುಕುತ್ತಿದ್ದದ್ದು ಒಂದು ವೈಫೈ ಅಡಾಪ್ಟರನ್ನು. ನೀವು ನೋಡಿರುತ್ತೀರಿ, ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚುವ ಕರಿಯ ತುಣುಕು, ಹೆಬ್ಬೆರಳಿನ ಉಗುರಿಗಿಂತ ತುಸುವೂ ದೊಡ್ಡದಲ್ಲ. ಅದನ್ನು ಚುಚ್ಚಿದರೆ ತಂತಿಯ ಹಂಗಿಲ್ಲದೆ ಕಂಪ್ಯೂಟರಿಗೆ ಇಂಟರ್‌ನೆಟ್ಟು ಸಿಗುತ್ತದೆ. ನನ್ನ ಹೆಂಡತಿ ಸುನಂದಾ ಸೋಫಾ ಸರಿಸಿದಳು. ಮಗಳ ಮದುವೆಯಲ್ಲಿ ಕಳೆದಿದ್ದ ಗೆಜ್ಜೆಯ ಗುಂಡು ಸಿಕ್ಕಿತು, ನಾಲ್ಕು ಪಿನ್ನು ಸಿಕ್ಕವು, ಯಾರದೋ ಅಂಗಿಯ ಗುಂಡಿ ಸಿಕ್ಕಿತು.

"ಅಷ್ಟ ಸಣ್ಣ ಸಾಮಾನ ಯಾಕ ತರ್ತೀರಿ? ಒಂದ ದೊಡ್ಡದ ಇತ್ತಿಲ್ಲೇನ್ರಿ ಅಂಗಡ್ಯಾಗ?" ಎಂದಳು ಸುನಂದಾ, ಕಸಬರಿಗೆ ಹಿಡಿದುಕೊಂಡೇ.

ಒಂದು ತಾಸಿನ ನಂತರ ಅದು ನನ್ನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು. ಕಳೆದುಹೋಗಬಾರದೆಂದು ನಾನೇ ಅಲ್ಲಿಟ್ಟಿದ್ದೆ. ಅದನ್ನು ಅಲ್ಲಿಡುವುದಕ್ಕಾಗಿ ಹೊರತೆಗೆದ ಕನ್ನಡಕ ಎಲ್ಲಿ ಹೋಯಿತು ಎನ್ನುವುದು ಬೇರೆ ವಿಷಯ. ಅದು ಸಿಗಲು ಇನ್ನೂ ಅರ್ಧ ತಾಸು ಹಿಡಿಯಿತು.

ನಗಬೇಡಿ. ನಾನು ಕೆಲಸದ ಜಾಗದಲ್ಲಿ ಇಷ್ಟು ದಡ್ಡನಲ್ಲ. ನಾವಿರುವ ಕೊಲ್ಹಾಪುರದ ಪಕ್ಕದ ಗೋಕುಳ ಶಿರಗಾಂವದಲ್ಲಿ ಒಂದು ಫೌಂಡ್ರಿಯಿದೆ, ಅಲ್ಲಿ ಎರಕವಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಇಪ್ಪತ್ತೆಂಟು ವರ್ಷಗಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಕೆಂಪು ಬಣ್ಣ ಬಳಿದು ಬದಿಗಿಡುತ್ತೇನೆ. ನನ್ನ ಕೆಂಪು ಬಣ್ಣಕ್ಕೆ ಹೆದರುವ ಹುಡುಗರು ಅಲ್ಲಿದ್ದಾರೆ. ಆದರೆ ಮನೆಗೆ ಬಂದು ಆ ಯುಎಸ್‌ಬಿ ಕಿಂಡಿಯ ಮುಂದೆ ಕೂತರೆ, ಅಡಾಪ್ಟರಿನ ಯಾವ ಮಗ್ಗುಲು ಮೇಲೆ ಯಾವುದು ಕೆಳಗೆ ಎಂದು ಮೂರು ಸಲ ತಿರುಗಿಸಿ ನೋಡದೆ ಚುಚ್ಚಲು ಬರುವುದಿಲ್ಲ.

ಇಷ್ಟಕ್ಕೂ ನನಗೆ ಆ ತುಣುಕು ಯಾಕೆ ಬೇಕಾಗಿತ್ತು ಎಂದರೆ, ಗಡಹಿಂಗ್ಲಜದಲ್ಲಿ ಚಿಕ್ಕವ್ವ ಜಾರಿ ಬಿದ್ದಿದ್ದಳು.

ಚಿಕ್ಕವ್ವ ಎಂದರೆ ನಮ್ಮ ಅವ್ವನ ತಂಗಿ ಚಂಪಾ. ಅವ್ವನಿಗೆ ಎಂಬತ್ತನಾಲ್ಕು, ಚಿಕ್ಕವ್ವನಿಗೆ ಎಪ್ಪತ್ತೆರಡು. ಇಬ್ಬರ ತವರು ಶಿರೋಳ ತಾಲೂಕಿನ ಅಕಿವಾಟ. ಚಿಕ್ಕವ್ವ ಹುಟ್ಟಿದ ವರ್ಷವೇ ಅವರ ತಾಯಿ ತೀರಿಕೊಂಡಳಂತೆ. ಹನ್ನೆರಡು ವರ್ಷದ ಅವ್ವ ಕೂಸನ್ನು ಟೊಂಕದ ಮೇಲೆ ಹೊತ್ತುಕೊಂಡೇ ಬೆಳೆದಳು. ಮದುವೆಯಾಗಿ ಇಚಲಕರಂಜಿಗೆ ಬರುವಾಗಲೂ ತಂಗಿಯನ್ನು ಕರೆದುಕೊಂಡೇ ಬಂದಳು. ಹೀಗಾಗಿ ಚಿಕ್ಕವ್ವ ಬೆಳೆದದ್ದು ಅವ್ವನ ಕೈಯಲ್ಲಿ, ಮದುವೆಯಾಗಿ ಗಡಹಿಂಗ್ಲಜಕ್ಕೆ ಹೋದದ್ದು ನಮ್ಮ ಮನೆಯ ಹೊಸ್ತಿಲಿನಿಂದ. ಆಗ ನಾನು ಚಿಕ್ಕವ್ವನ ಸೆರಗು ಹಿಡಿದು ಅತ್ತೆನೆಂದು ಹೇಳುತ್ತಾರೆ. ನನಗೆ ನೆನಪಿಲ್ಲ, ಆದರೆ ನಂಬುತ್ತೇನೆ.

ಇಚಲಕರಂಜಿಯ ಆ ಮನೆಯ ಮುಂದಿನ ಭಾಗವೆಲ್ಲ ಮಗ್ಗದ ಶೆಡ್ಡು. ಅಪ್ಪನವು ನಾಲ್ಕು ಪವರ್‌ಲೂಮುಗಳಿದ್ದವು. ಬೆಳಗಿನಿಂದ ಸಂಜೆಯತನಕ ಖಟ್ ಖಟ್ ಖಟ್. ಅನ್ನದ ತಟ್ಟೆಯೂ ಆ ತಾಳಕ್ಕೆ ಸಣ್ಣಗೆ ನಡುಗುತ್ತಿತ್ತು. ಆ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲ, ಹೀಗಾಗಿ ಮಗ್ಗದವರೆಲ್ಲ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರು. ಅವ್ವ ಇದರಲ್ಲಿ ಎಲ್ಲರಿಗಿಂತ ಮುಂದು. ಶೆಡ್ಡಿನ ಆ ತುದಿಯಿಂದ ದನಿಯಿಲ್ಲದೆ ಬರೀ ತುಟಿಯಲ್ಲಿ "ಊಟಕ್ಕ ಬಾ" ಎಂದರೆ ನನಗೆ ತಿಳಿಯಬೇಕು. ತಿಳಿಯದಿದ್ದರೆ ಊಟ ತಣ್ಣಗಾಗುತ್ತಿತ್ತು. ಈ ವಿದ್ಯೆಯ ಕಷ್ಟ ಏನೆಂದರೆ, ಬೈಸಿಕೊಳ್ಳುತ್ತ ನಿಂತಾಗ ನಾನು ಬಾಯೊಳಗೇ ಏನಾದರೂ ಗೊಣಗಿದರೆ ಅವ್ವ ಅದನ್ನೂ ಓದಿಬಿಡುತ್ತಿದ್ದಳು. ನನ್ನ ಎಡಗಿವಿ ಬಲಗಿವಿಗಿಂತ ಸ್ವಲ್ಪ ಉದ್ದವಾಗಿರುವುದಕ್ಕೆ ಅದೇ ಕಾರಣ ಎಂದು ನನ್ನ ಅನುಮಾನ.

ಆ ಮಗ್ಗಗಳೇ ಅವ್ವನ ಕಿವಿಯನ್ನು ತಿಂದವು. ಈಗ ಅವಳಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಎದುರು ಕೂತವರ ತುಟಿ ಕಂಡರೆ ಮಾತ್ರ ಮಾತು. ಮೊಬೈಲಿನ ವಿಡಿಯೋದಲ್ಲಿ ಮುಖ ಬಂದರೆ, ಆಪರೇಷನ್ನಾದ ಅವಳ ಕಣ್ಣಿಗೆ ಅದು ಹುಣಸೆಬೀಜದಷ್ಟು. "ಯಾರೋ ಇದ? ಗಂಡಸೋ ಹೆಂಗಸೋ?" ಎಂದು ಕೇಳುತ್ತಾಳೆ.

ಅಕ್ಕತಂಗಿಯರ ನಡುವೆ ಆ ಕಾಲದಲ್ಲಿ ಕಾಗದದ ವ್ಯವಹಾರವೂ ಕಡಿಮೆ. ಬದಲಿಗೆ ಗಂಟು ಓಡಾಡುತ್ತಿತ್ತು. ಗಡಹಿಂಗ್ಲಜದ ಕೆಂಪು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚಿಕ್ಕವ್ವ ಒಂದು ಬಟ್ಟೆಯ ಗಂಟು ಕಳಿಸುತ್ತಿದ್ದಳು. ಒಳಗೆ ಆಜರಾ ಕಡೆಯ ಘಮಘಮ ಅಕ್ಕಿ, ಒಂದು ಹಿಡಿ ಗೋಡಂಬಿ, ಕೆಲವೊಮ್ಮೆ ಶೇಂಗಾದ ಉಂಡೆ. ಗಂಟಿಗೆ ಒಂದೇ ಕಗ್ಗಂಟು ಹಾಕಿದ್ದರೆ ಎಲ್ಲ ಸುಖ. ಎರಡು ಹಾಕಿದ್ದರೆ, ಅಕ್ಕಾ, ಹೊರಟು ಬಾ. ನಾನು ಆರನೇ ಇಯತ್ತೆಯಲ್ಲಿದ್ದಾಗ ಬಸ್‌ಸ್ಟ್ಯಾಂಡಿನಿಂದ ಗಂಟು ತರುವ ಕೆಲಸ ನನ್ನದಾಗಿತ್ತು. ಒಮ್ಮೆ ದಾರಿಯಲ್ಲಿ ಗಂಟು ಬಿಚ್ಚಿ ನಾಲ್ಕು ಉಂಡೆ ತಿಂದೆ. ಮತ್ತೆ ಕಟ್ಟುವಾಗ, ಸಡಿಲವಾದರೆ ಸಿಕ್ಕಿಬೀಳುತ್ತೇನೆಂದು ಗಟ್ಟಿಯಾಗಿ ಎರಡು ಕಗ್ಗಂಟು ಹಾಕಿದೆ. ಅವ್ವ ಗಂಟು ನೋಡಿದವಳೇ ನಡೆಯುತ್ತಿದ್ದ ಮಗ್ಗವನ್ನು ಹಾಗೇ ನಿಲ್ಲಿಸಿ, ಅಪ್ಪನಿಗೂ ಹೇಳದೆ, ಉಟ್ಟ ಸೀರೆಯಲ್ಲೇ ಮುಂದಿನ ಬಸ್ಸು ಹತ್ತಿದಳು. ಅಲ್ಲಿ ಚಿಕ್ಕವ್ವ ಅಂಗಳದಲ್ಲಿ ಹಪ್ಪಳ ಒಣಗಿಸುತ್ತ ಆರಾಮಾಗಿ ಕೂತಿದ್ದಳಂತೆ. ಮರುದಿನ ಅವ್ವ ವಾಪಸು ಬಂದ ಮೇಲೆ ನನ್ನ ಕಿವಿ ಇನ್ನಷ್ಟು ಉದ್ದವಾಯಿತು.

ಇಂಥ ಅವ್ವ ಈಗ ತಂಗಿಯ ಸೊಂಟದ ಎಲುಬು ಮುರಿದಿದೆ ಎಂದು ತಿಳಿದೂ ಮನೆಯಲ್ಲೇ ಕೂತಿದ್ದಳು. ಕಾರಣ, ವ್ರತ.

ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು ಅವ್ವ ರೂಢಿಯಂತೆ ಕೊಲ್ಹಾಪುರದ ಎಲ್ಲೆ ದಾಟುವುದಿಲ್ಲ. ಅದರಲ್ಲೂ ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಆ ಎಲ್ಲೆಯನ್ನು ಇನ್ನೂ ಕಿರಿದು ಮಾಡಿಕೊಳ್ಳುತ್ತಾಳೆ. ನಮ್ಮ ಮನೆ, ಗಲ್ಲಿಯ ತುದಿಯ ಬಸದಿ, ನಡುವಿನ ದಾರಿ. ಇಷ್ಟೇ ಅವಳ ಲೋಕ. ಈ ಹತ್ತು ದಿನದ್ದು ದೇವರ ಎದುರು ಸಂಕಲ್ಪ ಮಾಡಿ ಹಿಡಿದ ವ್ರತ. ಅರವತ್ತು ವರ್ಷಗಳಲ್ಲಿ ಒಂದನ್ನೂ ಮುರಿದವಳಲ್ಲ. ಚಿಕ್ಕವ್ವ ಬಿದ್ದದ್ದು ಪರ್ವದ ಎರಡನೇ ದಿನ. ಆಪರೇಷನ್ನಿಗೆ ಡಾಕ್ಟರು ಗೊತ್ತುಮಾಡಿದ್ದು ಐದನೇ ದಿನ. ಮುಂದೆ ಹಾಕುವಂತಿಲ್ಲ ಎಂದರಂತೆ.

ಸುದ್ದಿ ಹೇಳಿದವಳು ಚಿಕ್ಕವ್ವನ ಸೊಸೆ ಶೋಭಾ. ಫೋನಿನಲ್ಲಿ ಅವಳ ದನಿ ಬಿಗಿದಿತ್ತು.

"ಅಣ್ಣಾ, ಅತ್ತಿ ಭಾಳ ಅಂಜ್ಯಾರ. ಮತ್ತ ಏಳತೇನೋ ಇಲ್ಲೋ ಅಂತಾರ. 'ಅಕ್ಕನ ಮಾರಿ ನೋಡದ ಹೋಗ್ತೇನೇನೋ' ಅಂತ ಒಂದ ಸಲ ಅಂದ್ರು. ಆಮ್ಯಾಲ ಮಾತ ಇಲ್ಲ. 'ಅಕ್ಕಗ ಹೇಳಬ್ಯಾಡ್ರಿ, ವ್ರತದಾಗ ಅದಾಳ' ಅಂದಾರ."

ಹೇಳದೆ ಇರಲು ಆಗುತ್ತದೆಯೇ? ನಾನು ಅವ್ವನ ಎದುರು ಕೂತು ತುಟಿ ಬಿಡಿಸಿ ಎಲ್ಲವನ್ನೂ ಹೇಳಿದೆ. ಕಾರು ತರಿಸಲೇ ಎಂದೂ ಕೇಳಿದೆ.

"ಸಂಕಲ್ಪ ಮಾಡೇನಿ ಭರತಾ," ಎಂದಳು ಅವ್ವ. ಅಷ್ಟೇ. ಅಂದು ಅವಳು ಊಟ ಮಾಡಲಿಲ್ಲ. ಪರ್ವದ ಉಪವಾಸ ಎಂದಳು. ಅದು ಯಾವ ಉಪವಾಸ ಎಂದು ನಮಗೆ ಗೊತ್ತಿತ್ತು.

ಆಗ ನನ್ನ ತಲೆಗೆ ಕಂಪ್ಯೂಟರು ಬಂತು. ಮಗಳು ಓದುವಾಗ ಕೊಂಡದ್ದು. ಅವಳು ಮದುವೆಯಾಗಿ ಸಾಂಗಲಿಗೆ ಹೋದ ಮೇಲೆ ಅವ್ವನ ಕೋಣೆಯ ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿದೆ. ಪರದೆ ದೊಡ್ಡದು. ಚಿಕ್ಕವ್ವನ ಮುಖ ಅದರಲ್ಲಿ ಬಂದರೆ ತಟ್ಟೆಯಷ್ಟಾಗುತ್ತದೆ, ತುಟಿ ಚೆನ್ನಾಗಿ ಕಾಣುತ್ತದೆ. ಆದರೆ ನೆಟ್ಟಿನ ಡಬ್ಬಿ ಇರುವುದು ಮಹಡಿಯ ಮೇಲೆ. ತಂತಿ ಎಳೆಯಲು ಕರೆಸಿದವನು ಅವ್ವನ ಕೋಣೆಯ ಗೋಡೆಗೆ ಡ್ರಿಲ್ಲು ಹಚ್ಚಿದ್ದೇ ತಡ, ಅವ್ವ ಅಡ್ಡ ಬಂದು ನಿಂತಳು.

"ಗ್ವಾಡ್ಯಾಗ ಇರವಿ ಅದಾವ. ಮಳಿ ಅಂತ ತತ್ತಿ ಹೊತ್ಗೊಂಡ ಒಳಗ ಬಂದಾವ. ಪರ್ವದಾಗ ಅವರ ಮನಿ ಕೆಡವ್ತಿರೇನ?"

ಇರುವೆಗಳ ಮನೆ ಕೆಡವದೆ ನೆಟ್ಟು ತರುವ ದಾರಿ ಒಂದೇ ಉಳಿಯಿತು. ಕೊಲ್ಹಾಪುರದ ಪೇಟೆಯಲ್ಲಿ ಅಂಗಡಿಯವನು ಅಡಾಪ್ಟರನ್ನು ನನ್ನ ಅಂಗೈಯಲ್ಲಿಟ್ಟು, "ಕಾಕಾ, ಹೇ ಲಾವಾ, ಲಗೇಚ್ ಚಾಲೂ," ಎಂದ. ಹಚ್ಚಿದ ಕೂಡಲೇ ಶುರು ಎಂದು ಅವನ ಭರವಸೆ. ಹಚ್ಚಿದೆ. ಶುರುವಾಗಲಿಲ್ಲ. ಅದು ನಡೆಯಲು ಡ್ರೈವರ್ ಎಂಬುದೊಂದನ್ನು ಕಂಪ್ಯೂಟರಿಗೆ ತುಂಬಬೇಕು, ಆ ಡ್ರೈವರ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ ಎಂದು ಪರದೆ ತಿಳಿಸಿತು. ಇಂಟರ್‌ನೆಟ್ಟು ಬರಬೇಕೆಂದೇ ಅಲ್ಲವೇ ನಾನು ಇದನ್ನು ತಂದದ್ದು! ಫೌಂಡ್ರಿಯಲ್ಲಿ ಇಂಥ ಮಾತು ಯಾರಾದರೂ ಆಡಿದ್ದರೆ ಕೆಂಪು ಬಣ್ಣ ಬಳಿಯುತ್ತಿದ್ದೆ. ಕೊನೆಗೆ ಆಫೀಸಿನ ಕಂಪ್ಯೂಟರಿನಲ್ಲಿ ಡ್ರೈವರ್ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದೆ. ಆಗ ನೋಡಿದರೆ ಅಡಾಪ್ಟರೇ ಇಲ್ಲ. ಆ ಕನ್ನಡಕದ ಡಬ್ಬಿಯ ಕಥೆ ನಡೆದದ್ದು ಆವಾಗಲೇ.

ಮೂರನೇ ದಿನ ಸಂಜೆ, ಹೊತ್ತು ಮುಳುಗುವ ಮುನ್ನ ಅವ್ವ ಊಟಕ್ಕೆ ಕೂತಾಗ, ಪರದೆಯ ಮೂಲೆಯಲ್ಲಿ ವೈಫೈ ಗುರುತು ಮೂಡಿತು. ಆದರೆ ಸಿಪಿಯು ಡಬ್ಬಿಯ ಹಿಂದಿನ ಕಿಂಡಿ ಸಡಿಲವಾಗಿತ್ತು. ಬೆರಳಿನಿಂದ ಒತ್ತಿ ಹಿಡಿದರೆ ನೆಟ್ಟು ಇರುತ್ತದೆ, ಬಿಟ್ಟರೆ ಹೋಗುತ್ತದೆ. ಇರಲಿ, ನನಗೆ ಬೆರಳುಗಳಿದ್ದವು. ನಾನು ಗೆದ್ದವನಂತೆ ಅವ್ವನಿಗೆ ಹೇಳಿದೆ, "ನಾಳೆ ಚಿಕ್ಕವ್ವನ್ನ ಇಲ್ಲೇ ಕುಂತ ನೋಡಬಹುದು. ನೀ ಒಂದ ಹೆಜ್ಜಿ ಹೊರಗ ಇಡಬೇಕಾಗಿಲ್ಲ."

ಅವ್ವ ಪರದೆಯ ಮೇಲೆ ಹುಳದಂತೆ ಕೂತಿದ್ದ ಕ್ಯಾಮೆರಾವನ್ನು ನೋಡಿದಳು.

"ನನ್ನ ಮಾರಿ ಅಲ್ಲಿ ಹೋಗತೈತೇನ?"

"ಹೌದು. ಅಕಿಗೂ ನೀ ಕಾಣತಿ."

"ಮತ್ತ ನಾ ಹೊರಗ ಹೋದಂಗ ಆಗ್ಲಿಲ್ಲೇನ?"

ಅದನ್ನು ಕೇಳಲೆಂದು ಮರುದಿನ ಬೆಳಿಗ್ಗೆ ಇಬ್ಬರೂ ಬಸದಿಗೆ ಹೋದೆವು. ಅಲ್ಲಿನ ಪಂಡಿತರು ಒಳ್ಳೆಯವರು, ಯಾರನ್ನೂ ಹೆದರಿಸುವುದಿಲ್ಲ. ಅವ್ವನಿಗೆ ತಿಳಿಯಲೆಂದು ನಿಧಾನವಾಗಿ ತುಟಿ ಅಲುಗಿಸುತ್ತ ಹೇಳಿದರು.

"ಅವ್ವಾರ, ಗೆರಿ ಹಾಕ್ಕೊಂಡ ಮ್ಯಾಲ ಕಾಲ ಒಂದ ಒಳಗಿಟ್ರ ಮುಗೀಲಿಲ್ಲ. ಗೆರಿ ಆಚಿ ಇದ್ದವರನ್ನ ಕೂಗಬಾರದು. ಕೆಮ್ಮಿ ಸನ್ನಿ ಮಾಡಬಾರದು. ತನ್ನ ಮಾರಿ ತೋರಸಬಾರದು. ಮಂದಿ ಕಳಿಸಿ ಏನೂ ತರಸಬಾರದು. ಹರಳ ಒಗದು ಕರೀಬಾರದು. ಇವೆಲ್ಲಾ ವ್ರತಕ್ಕ ಕಲೆ."

"ವೈಫೈ ಇದರಾಗ ಯಾವುದರೊಳಗ ಬರತೈತ್ರಿ?" ಎಂದೆ ನಾನು.

ಪಂಡಿತರು ತಮ್ಮ ಮೊಬೈಲನ್ನೊಮ್ಮೆ ನೋಡಿಕೊಂಡು ತಲೆ ಕೆರೆದರು. "ಹರಳ ಒಗದಂಗ ಅನಸ್ತೈತ್ರಿ," ಎಂದರು.

ಅವ್ವ ಕೇಳಿದಳು, "ನಾ ಕಾಣದ, ನಾ ಮಾತಾಡದ, ಅಕಿ ಮಾರಿ ಅಷ್ಟ ನನ್ನ ಕಣ್ಣಿಗೆ ಬಿದ್ರ?"

ಪಂಡಿತರು ಅವಳ ಮುಖವನ್ನೇ ನೋಡಿದರು. ಅವರ ದನಿ ಮೆತ್ತಗಾಯಿತು. "ಕಣ್ಣಿಗೆ ಬಿದ್ದದ್ದಕ್ಕ ಯಾರೇನ ಮಾಡಾಕ ಬರತೈತ್ರಿ ಅವ್ವಾರ. ನೀವ ಕರೀಬ್ಯಾಡ್ರಿ, ಕರಸಬ್ಯಾಡ್ರಿ. ಅವರಾಗೇ ಬಂದ್ರ ನೋಡ್ರಿ."

ಹೀಗೆಂದು ಗೊತ್ತುಮಾಡಿದೆವು. ಮಧ್ಯಾಹ್ನ ನಾಲ್ಕಕ್ಕೆ ಶೋಭಾ ಆಸ್ಪತ್ರೆಯಿಂದ ತಾನಾಗಿಯೇ ವಿಡಿಯೋ ಕರೆ ಮಾಡುವುದು. ಅಕ್ಕ ನೋಡುತ್ತಾಳೆ, ಆದರೆ ಕಾಣುವುದಿಲ್ಲ, ಮಾತಾಡುವುದಿಲ್ಲ ಎಂದು ಚಿಕ್ಕವ್ವನಿಗೆ ಮೊದಲೇ ತಿಳಿಸುವುದು. ಚಿಕ್ಕವ್ವ ಒಪ್ಪಿದಳಂತೆ. "ಅಕಿ ನೋಡಿದ್ರ ಸಾಕು," ಎಂದಳಂತೆ. ನಮ್ಮ ಕಡೆಯ ಮೈಕು ಬಂದ್ ಮಾಡಿದೆವು. ಕ್ಯಾಮೆರಾ ಬಂದ್ ಮಾಡಲೂ ಒಂದು ಗುಂಡಿ ಇತ್ತು, ಆದರೆ ಅವ್ವ ಗುಂಡಿಯನ್ನು ನಂಬಲಿಲ್ಲ. ಸುನಂದಾ ಹಣೆಯಿಂದ ತನ್ನ ದೊಡ್ಡ ಟಿಕಲಿ ಕಿತ್ತು ಕ್ಯಾಮೆರಾದ ಕಣ್ಣಿಗೆ ಅಂಟಿಸಿದಳು. ಅವ್ವನಿಗೆ ಆಗ ಸಮಾಧಾನವಾಯಿತು.

ಹೊರಗೆ ಗಣಪತಿಯ ಗದ್ದಲ. ನಮ್ಮ ಪರ್ವ, ಕೊಲ್ಹಾಪುರದ ಗಣೇಶೋತ್ಸವ ಎರಡೂ ಒಟ್ಟಿಗೇ ಬರುತ್ತವೆ. ಗಲ್ಲಿಯ ಮಂಡಳದ ಹಾಡು ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು. ಸುನಂದಾ ಹೋಗಿ ಕೇಳಿದಳು. ಅಜ್ಜಿಗಾಗಿಯೇ, ಆಗಲಿ ಕಾಕೂ, ಎಂದು ಮರಾಠಿಯಲ್ಲಿ ಹೇಳಿ ಅವರು ಹಾಡನ್ನು ನಿಲ್ಲಿಸಿಯೇ ಬಿಟ್ಟರು. ಕೊಲ್ಹಾಪುರದವರ ಇಂಥ ಗುಣಕ್ಕಾಗಿಯೇ ನಾನು ಅವರ ಉಳಿದ ಗದ್ದಲವನ್ನೆಲ್ಲ ಸಹಿಸಿಕೊಂಡಿದ್ದೇನೆ.

ನಾಲ್ಕಕ್ಕೆ ಸರಿಯಾಗಿ ಅವ್ವ ಪರದೆಯ ಎದುರಿನ ಕುರ್ಚಿಯಲ್ಲಿ ಕೂತಳು. ಸುನಂದಾ ಪಕ್ಕದಲ್ಲಿ ಮೌಸ್ ಹಿಡಿದು ನಿಂತಳು. ನಾನು ಮೇಜಿನ ಕೆಳಗೆ ತೂರಿ, ಮೊಣಕಾಲು ಮಡಚಿ, ಅಡಾಪ್ಟರನ್ನು ತೋರುಬೆರಳಿನಿಂದ ಒತ್ತಿ ಹಿಡಿದು ಕೂತೆ. ಇಡೀ ವ್ಯವಸ್ಥೆಯ ರೂವಾರಿಯಾದ ನನಗೆ ಅಲ್ಲಿಂದ ಕಾಣುತ್ತಿದ್ದದ್ದು ಅವ್ವನ ಎರಡು ಪಾದಗಳು ಮಾತ್ರ. ಒಡೆದ ಹಿಮ್ಮಡಿ, ಸವೆದ ಹೆಬ್ಬೆರಳು. ಎಷ್ಟು ವರ್ಷಗಳಿಂದ ನಾನು ಆ ಪಾದಗಳನ್ನು ಸರಿಯಾಗಿ ನೋಡಿರಲಿಲ್ಲ ಎಂದು ಆಗ ಅನ್ನಿಸಿತು.

ಕರೆ ಬಂತು. ಸುನಂದಾ ಒತ್ತಿದಳು. ಸ್ಪೀಕರಿನಲ್ಲಿ ಆಸ್ಪತ್ರೆಯ ಸದ್ದು, ಆಮೇಲೆ ಶೋಭಾಳ ದನಿ, "ಅತ್ತಿ, ದೊಡ್ಡವ್ವ ನೋಡಾಕತ್ತಾರ ನೋಡ್ರಿ. ಇತ್ಲಾಗ ಮಾರಿ ಮಾಡ್ರಿ."

ಅವ್ವನ ಪಾದಗಳು ಒಂದರ ಮೇಲೊಂದು ಏರಿ ಕೂತವು.

"ಇದು ಬರೇ ಕರ್ರಗ ಐತಿ," ಎಂದಿತು ಚಿಕ್ಕವ್ವನ ದನಿ. ಕ್ಷೀಣವಾಗಿತ್ತು. ಆಮೇಲೆ, ಕೇಳಬಾರದೆಂದುಕೊಂಡರೂ ತಡೆಯಲಾಗದೆ ಕೇಳಿದವಳಂತೆ, "ಅಕ್ಕಾ, ಅದೀಯೇನ?"

ಅವ್ವನ ಕಾಲ್ಬೆರಳುಗಳು ಮಡಚಿಕೊಂಡವು.

"ಅಕ್ಕಾ?"

ಮೇಲೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳೆಂದು ಸುನಂದಾ ಆಮೇಲೆ ಹೇಳಿದಳು. ಎದ್ದು ಹೋಗಿಬಿಡೋಣ ಎನ್ನಿಸಿತು, ಆದರೆ ಬೆರಳು ತೆಗೆದರೆ ಚಿಕ್ಕವ್ವನ ಮುಖವೇ ಹೋಗುತ್ತದೆ. ಅಡಾಪ್ಟರು ಬೆರಳಿನ ಕೆಳಗೆ ಬೆಚ್ಚಗಾಗುತ್ತಿತ್ತು. ಇರುವೆಗಳ ಮನೆ ಉಳಿಸಿ, ಪಂಡಿತರ ಒಪ್ಪಿಗೆ ಪಡೆದು, ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡಿದ್ದೆ. ಎರಡು ಮುದಿ ಜೀವಗಳಿಗೆ ನಾನು ಎಂಥ ಶಿಕ್ಷೆ ಕೊಟ್ಟಿದ್ದೇನೆ ಎಂದು ಆ ಕ್ಷಣದಲ್ಲಿ ಗೊತ್ತಾಯಿತು.

ಮೂರನೆಯ ಸಲ ದನಿ ಇನ್ನೂ ಸಣ್ಣದಾಗಿ ಬಂತು. ನೆಟ್ಟು ತೊದಲಿತು, ನನಗೆ ಬರೀ ಗಾಳಿ ಕೇಳಿಸಿತು. ಆದರೆ ಅವ್ವನ ಎದುರು ತುಟಿ ಇತ್ತು. ಅವಳು ಓದಿದಳು.

ಎರಡೂ ಪಾದಗಳು ನೆಲಕ್ಕೆ ಬಿದ್ದವು. ಅವ್ವ ಎದ್ದು ನಿಂತಿದ್ದಳು.

"ಓ! ಚಂಪೀ! ಇಲ್ಲೇ ಅದೇನಿ!"

ಮಗ್ಗದ ಗದ್ದಲದಲ್ಲಿ ಪಳಗಿದ ದನಿ. ಗಲ್ಲಿಯ ತುದಿಗೂ ಕೇಳಿಸಿರಬೇಕು. ಕೇಳಿಸದೆ ಉಳಿದದ್ದು ಗಡಹಿಂಗ್ಲಜಕ್ಕೆ ಮಾತ್ರ, ಯಾಕೆಂದರೆ ಮೈಕು ಬಂದ್ ಇತ್ತು.

"ಸುನಂದಾ, ಅಕಿಗೆ ಕೇಳಸವಲ್ದು. ಬಿಡ ಅದನ್ನ."

ನಾನು ಮೇಜಿನ ಕೆಳಗಿನಿಂದ ಕೂಗಿದೆ, "ಅವ್ವಾ, ವ್ರತ..." ನನ್ನ ತುಟಿ ಅವಳಿಗೆ ಎಲ್ಲಿ ಕಾಣಬೇಕು! ಸುನಂದಾ ಸನ್ನೆ ಮಾಡಿ ತಿಳಿಸಿದಳು.

"ವ್ರತ ನಂದು," ಎಂದಳು ಅವ್ವ. "ಅಂವಗ ಹೇಳು, ಹಿಡದದ್ದ ಗಟ್ಟಿ ಹಿಡಿ ಅಂತ."

ಗಟ್ಟಿಯಾಗಿ ಹಿಡಿದೆ. ಸುನಂದಾ ಮೈಕು ಚಾಲೂ ಮಾಡಿದಳು, ಅವ್ವ ಮತ್ತೊಮ್ಮೆ ಓ ಎಂದು ಕೂಗಿದಳು. ಮೇಲೆ ಅವ್ವ ತನ್ನ ಉಗುರಿನಿಂದಲೇ ಕ್ಯಾಮೆರಾದ ಮೇಲಿನ ಟಿಕಲಿ ಕಿತ್ತಳು. ಚಿಕ್ಕವ್ವನ ಅಳು ಕ್ಯಾಮೆರಾ ತೆರೆದ ಕ್ಷಣಕ್ಕೆ ಶುರುವಾಯಿತು.

"ಎಷ್ಟ ಬಡಕಾಗೀದಿ ಅಕ್ಕಾ."

"ಪರ್ವ ಅಲ್ಲೇನ. ನಿನ್ನ ತಲಿ ಯಾರ ಹಿಕ್ಕ್ಯಾರ? ಬೈತಲಿ ಸೊಟ್ಟ ಆಗೇತಿ."

"ಶೋಭಾ ಹಿಕ್ಕ್ಯಾಳ. ಮಲಗಿದಾಕಿಗೆ ಹೆಂಗ ಹಿಕ್ಕತಾಳ?" ಸುನಂದಾ ಅತ್ತೆಗೆ ಪ್ರತಿ ಮಾತನ್ನೂ ತಿಳಿಸಬೇಕಾಗಿರಲಿಲ್ಲ. ಅವ್ವ ತಾನೇ ಓದುತ್ತಿದ್ದಳು. "ಅಕ್ಕಾ, ನಂಗ ಅಂಜಿಕಿ ಬರಾಕತ್ತೈತಿ."

"ನಾ ಅದೇನಲ್ಲ."

"ನೀ ಕೊಲ್ಹಾಪುರದಾಗ ಅದಿ."

"ಎಲ್ಲಿದ್ರೇನ? ಅದೇನಿ."

ಹತ್ತು ನಿಮಿಷವಿರಬಹುದು. ನರ್ಸು ಬಂದಳೆಂದು ಶೋಭಾ ಕರೆ ಮುಗಿಸಿದಳು. ನಾನು ಮೇಜಿನ ಕೆಳಗಿನಿಂದ ಹೊರಬರಲು ಸುನಂದಾ ಕೈಕೊಡಬೇಕಾಯಿತು. ಕಾಲು ಜೋಮು ಹಿಡಿದಿತ್ತು, ಕಣ್ಣು ಒದ್ದೆಯಾಗಿತ್ತು. ಧೂಳು ಎಂದೆ. ಸುನಂದಾ ವಾದಿಸಲಿಲ್ಲ.

ಮರುದಿನ ಆಪರೇಷನ್ ಚೆನ್ನಾಗಿ ಆಯಿತು. ಆ ಸುದ್ದಿ ಬರುವ ಮೊದಲೇ ಅವ್ವ ಬಸದಿಗೆ ಹೋಗಿ ಪಂಡಿತರ ಮುಂದೆ ಎಲ್ಲವನ್ನೂ ಹೇಳಿದ್ದಳು. ಕೂಗಿದ್ದು, ಮುಖ ತೋರಿಸಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಉಳಿದ ದಿನಗಳಲ್ಲಿ ಉಪ್ಪು ಬಿಡಿರಿ, ನೂರೆಂಟು ಸಲ ಜಪ ಹೆಚ್ಚಿಗೆ ಮಾಡಿರಿ ಎಂದು ಪಂಡಿತರು ಪ್ರಾಯಶ್ಚಿತ್ತ ಹೇಳಿದರು. ಅವ್ವ ಮನೆಗೆ ಬಂದವಳೇ ಉಪ್ಪಿನ ಡಬ್ಬಿಯನ್ನು ಎತ್ತಿ ಮೇಲಿನ ಹಲಗೆಗೆ ಇಡಿಸಿದಳು.

"ಮಾಡಿದಾಕಿ ನಾ," ಎಂದಳು. "ಮಾಡಿಸಿದಾಂವ ನೀ. ನೋಡಿ ಖುಷಿ ಪಟ್ಟಾಕಿ ಸುನಂದಾ. ಮೂರೂ ಮಂದಿಗೆ ಪಾಲ ಐತಿ."

ಇದು ಅವಳು ಕಟ್ಟಿದ ನ್ಯಾಯವಲ್ಲ, ನಮ್ಮಲ್ಲಿ ಹಾಗೇ ಲೆಕ್ಕ. ಮಾಡುವುದು, ಮಾಡಿಸುವುದು, ಮೆಚ್ಚುವುದು, ಮೂರಕ್ಕೂ ಒಂದೇ ಫಲ. ಹೀಗಾಗಿ ನಾನು ಆರು ದಿನ ಸಪ್ಪನೆಯ ಆಮಟಿ ಸಾರು, ಸಪ್ಪನೆಯ ರೊಟ್ಟಿ ತಿಂದೆ. ಉಪ್ಪಿಲ್ಲದ ಆಮಟಿಯಲ್ಲಿ ಹುಣಸೆ ಎಷ್ಟು ಧೈರ್ಯವಾಗಿ ಮಾತಾಡುತ್ತದೆ ಎಂದು ತಿಂದವರಿಗೇ ಗೊತ್ತು. ಫೌಂಡ್ರಿಯಲ್ಲಿ ಡಬ್ಬಿ ಹಂಚಿಕೊಳ್ಳುವ ಗೆಳೆಯರು ಎರಡನೇ ದಿನದಿಂದ ನನ್ನ ಡಬ್ಬಿಗೆ ಕೈ ಹಾಕಲಿಲ್ಲ. ಗಡಹಿಂಗ್ಲಜದಲ್ಲಿ ಚಿಕ್ಕವ್ವನೂ ಆಸ್ಪತ್ರೆಯ ಊಟದಲ್ಲಿ ಉಪ್ಪು ಬೇಡವೆಂದು ಹಟ ಹಿಡಿದಳಂತೆ. ಡಾಕ್ಟರು ಬೈದ ಮೇಲೆ ಅರ್ಧಕ್ಕೆ ಒಪ್ಪಿದಳಂತೆ.

ಪರ್ವ ಮುಗಿದ ಮರುದಿನ ನಮ್ಮಲ್ಲಿ ಕ್ಷಮಾವಣಿ. ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಈಗ ಅದು ಸುಲಭವಾಗಿದೆ. ಬೆಳಿಗ್ಗೆಯಿಂದ ಫೋನಿನಲ್ಲಿ ಕಮಲದ ಹೂವಿನ ಚಿತ್ರಗಳು ಬರುತ್ತವೆ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು. ಒಂದು ಗುಂಪಿನಲ್ಲಿ ಬಂದದ್ದನ್ನು ಇನ್ನೊಂದಕ್ಕೆ ಕಳಿಸಿ ನಾನೂ ಇನ್ನೂರು ಜನರಲ್ಲಿ ಕ್ಷಮೆ ಕೇಳಿ ಮುಗಿಸುತ್ತೇನೆ. ಅದರಲ್ಲಿ ಅರ್ಧ ಜನಕ್ಕೆ ನಾನು ಯಾವ ತಪ್ಪನ್ನೂ ಮಾಡಿರುವುದಿಲ್ಲ, ತಪ್ಪು ಮಾಡಿದವರಿಗೆ ಕಳಿಸಿರುವುದಿಲ್ಲ. ಅವ್ವ ಹಾಗೆ ಸಗಟಿನಲ್ಲಿ ಕೇಳುವವಳಲ್ಲ. ಹೆಸರು ಹಿಡಿದು, ತಪ್ಪು ಹೇಳಿ ಕೇಳುತ್ತಾಳೆ. ಆ ದಿನ ಬೆಳಿಗ್ಗೆ ಸುನಂದಾಳಲ್ಲಿ, "ಶ್ರಾವಣದಾಗ ನಿನ್ನ ತವರಮನಿ ಬಗ್ಗೆ ಒಂದ ಮಾತ ಅಂದಿದ್ದೆ, ನೀ ಮರತಿರಬಹುದು, ನಾ ಮರತಿಲ್ಲ," ಎಂದು ಕೇಳಿದಳು. ಸುನಂದಾ ಮರೆತಿರಲಿಲ್ಲ. ಇಬ್ಬರೂ ಸ್ವಲ್ಪ ಅತ್ತರು.

ಮಧ್ಯಾಹ್ನ ಚಿಕ್ಕವ್ವನ ಕರೆ ಬಂತು. ಅಷ್ಟರಲ್ಲಿ ನಾನು ಸಡಿಲ ಕಿಂಡಿಗೆ ಒಂದು ಕಾಗದದ ಚೂರು ಮಡಚಿ ತುರುಕಿದ್ದೆ, ಅಡಾಪ್ಟರು ಅಲುಗದೆ ಕೂತಿತ್ತು. ಹೀಗಾಗಿ ಈ ಸಲ ನಾನೂ ಕುರ್ಚಿ ಹಾಕಿಕೊಂಡು ಅವ್ವನ ಪಕ್ಕದಲ್ಲಿ ಕೂತೆ. ಚಿಕ್ಕವ್ವ ದಿಂಬಿಗೆ ಒರಗಿದ್ದಳು. ಬೈತಲೆ ನೇರವಾಗಿತ್ತು. ಹತ್ತು ದಿನದ ವ್ರತ ಮುಗಿದಿತ್ತು, ಗಲ್ಲಿಯ ಗೆರೆ ಅಳಿಸಿತ್ತು. ಇನ್ನು ಅವ್ವ ಏನನ್ನಾದರೂ ಮಾತಾಡಬಹುದಿತ್ತು.

ಅವ್ವ ಕೈಮುಗಿದಳು. ತಂಗಿಯ ಎದುರು ಅಕ್ಕ ಕೈಮುಗಿಯುವುದನ್ನು ನಾನು ಅದೇ ಮೊದಲು ನೋಡಿದ್ದು. ನಿನ್ನಿಂದಾಗಿ ವ್ರತ ಮುರಿಯಿತು, ನಿನಗೂ ಪಾಪ ತಟ್ಟಿಸಿದೆ ಎಂದು ಏನೋ ಹೇಳುತ್ತಾಳೆ ಎಂದುಕೊಂಡೆ.

"ಚಂಪೀ," ಎಂದಳು ಅವ್ವ. "ಅವತ್ತ ನೀ ಕರದಿ. ಎರಡ ಸಲ ಕರದಿ. ನಾ ತಿಳದೂ ಸುಮ್ಮ ಕುಂತೆ. ನೀ ಹುಟ್ಟಿದಾಗಿಂದ ಹಂಗ ಎಂದೂ ಕುಂತಿಲ್ಲ. ಅದಕ್ಕ ಕ್ಷಮಾ ಮಾಡವಾ."

ಚಿಕ್ಕವ್ವ ಮುಖಕ್ಕೆ ಸೆರಗು ತರಲು ಹೋದವಳು ಕೈ ತಡೆದಳು. ತುಟಿ ಮುಚ್ಚಿದರೆ ಅಕ್ಕನಿಗೆ ಕೇಳಿಸುವುದಿಲ್ಲ ಎಂದು ಅವಳಿಗೆ ನೆನಪಾಗಿರಬೇಕು. ಅತ್ತ ಮುಖವನ್ನು ಹಾಗೇ ತೆರೆದಿಟ್ಟುಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಮೂರನೇದಕ್ಕ ಓ ಅಂದಿಯಲ್ಲಾ ಅಕ್ಕಾ."